ಹನ್ನೊಂದನೆಯ ಪ್ರಶ್ನೆಗೆ ನಾನು ಬರೆದ ಉತ್ತರ

ದುಬೈಯಲ್ಲಿ ಇನ್ಶೂರೆನ್ಸ್ ಕಂಪನಿಯೊಂದಕ್ಕೆ ಸೇರಲಿದ್ದೇನೆ, ಕೆಲಸ ಹೇಗಿರುತ್ತದೆ ಎಂದು ಪರಿಚಯದ ಹುಡುಗಿಯೊಬ್ಬಳು ಮೊನ್ನೆ ಫೋನಿನಲ್ಲಿ ಕೇಳಿದಳು. ಬೇಡ ಮಾರಾಯ್ತಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅದೇ ಕೆಲಸದ ಅನ್ನ ಉಂಡು ಇಬ್ಬರು ಮಕ್ಕಳನ್ನು ಓದಿಸಿದವಳು ನಾನು. ಬರೆದು ಕಳಿಸುತ್ತೇನೆ ಎಂದೆ. ಈಗ ಬರೆಯಲು ಕೂತರೆ ಒಂದೊಂದು ನೆನಪೂ ಮೈ ಉರಿಸುತ್ತಿದೆ. ಹಾಗಾಗಿ ಇದರಲ್ಲಿ ಬುದ್ಧಿಮಾತು ಕಡಿಮೆ, ಸಿಡಿಮಿಡಿ ಹೆಚ್ಚು. ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ನನ್ನ ಹೆಸರು ಲಿಲ್ಲಿ, ಊರು ಉಡುಪಿ ಕಡೆ ಶಿರ್ವದ ಹತ್ತಿರ. ನಮ್ಮಲ್ಲಿ ಕ್ರಿಸ್ತರ ಹೆಂಗಸರನ್ನು ಕರೆಯುವ ಹಾಗೆ ಊರಿನವರಿಗೆಲ್ಲ ನಾನು ಬಾಯಿ, ಬಾಯಮ್ಮ. ಗಂಡನ ಹಿಂದೆ ಅಬುಧಾಬಿಗೆ ಬಂದವಳು ಅಲ್ಲಿ ಜೀವವಿಮೆ ಮಾರಿದೆ. ಆಮೇಲೆ ಮಾರುವವರನ್ನು ನೋಡಿಕೊಳ್ಳುವ ಮ್ಯಾನೇಜರ್ ಆದೆ. ಬಡ್ತಿಯ ಕಥೆ ಬಿಡಿ. ಕಾರ್ಡಿನ ಮೇಲಿನ ಹುದ್ದೆ ಮೂರು ಸಲ ಬದಲಾಯಿತು, ಟ್ಯಾಕ್ಸಿಗೆ ಕಾಯುವ ಬಿಸಿಲು ಮಾತ್ರ ಅದೇ ಇತ್ತು.

ಮೊದಲು ತಿಳಿದಿರಬೇಕಾದ ವಿಷಯ, ಈ ಕೆಲಸಕ್ಕೆ ಸೇರಿದ ಕೂಡಲೇ ನಿಮ್ಮ ಸ್ನೇಹಿತರು ಅರ್ಧಕ್ಕರ್ಧ ಕಡಿಮೆಯಾಗುತ್ತಾರೆ. ಅಲ್ಲಿ ವಾರದ ರಜೆಯಾದ ಶುಕ್ರವಾರ ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ನಾನು ಎಡಗಡೆಯ ಗೇಟಿನ ಬಳಿ ನಿಂತರೆ ನಮ್ಮವರೆಲ್ಲ ಬಲಗಡೆಯ ಗೇಟಿನಿಂದ ಜಾರಿಕೊಳ್ಳುತ್ತಿದ್ದರು. ಬಲಗಡೆ ನಿಂತ ವಾರ ಎಡಗಡೆಯಿಂದ. ನಾನು ನಿಂತದ್ದು ಗಂಡ ಕಾರು ತರಲಿ ಎಂದು ಅಷ್ಟೆ. ಹಬ್ಬದ ದಿನ ಸನ್ನ, ಕೋಳಿ ಸಾರು ಕೊಡಲು ಹೋದರೂ ಬಾಗಿಲ ಆ ಕಡೆಯಿಂದ, "ಮನೆಯವ್ರು ಇಲ್ಲ ಬಾಯಿ, ಮುಂದಿನ ತಿಂಗಳು ನೋಡುವ" ಎನ್ನುತ್ತಿದ್ದರು. ಸಾರಿಗೂ ಕಂತು ಕಟ್ಟಬೇಕೆಂದು ತಿಳಿದರೋ ಏನೋ.

ನಮ್ಮ ಕಂಪನಿ ಹುಟ್ಟಿದ್ದು ಬಹಳ ಹಿಂದೆ, ಅಮೆರಿಕದಲ್ಲಿ. ಕಟ್ಟಿದ ಮನುಷ್ಯನ ದೊಡ್ಡ ಚಿತ್ರ ದುಬೈಯ ಜುಮೇರಾ ಲೇಕ್ ಟವರ್ಸ್‌ನ ನಮ್ಮ ಮುಖ್ಯ ಕಚೇರಿಯ ಗೋಡೆಯ ಮೇಲಿತ್ತು. ಕಿವಿಯಿಂದ ಗದ್ದದವರೆಗೆ ಬಿಳಿ ಗಡ್ಡ, ಸಾಲ ಕೇಳಲು ಬಂದವರನ್ನು ನೋಡುವಂಥ ಕಣ್ಣು. ಆತ ಕುದುರೆ ಹತ್ತಿ ಹಳ್ಳಿ ಹಳ್ಳಿ ತಿರುಗಿ ರೈತರಿಗೆ ಪಾಲಿಸಿ ಮಾರಿದ್ದನಂತೆ. ಒಬ್ಬ ರೈತನಿಗೆ ಮಾರಿದರೆ ಅವನನ್ನೇ ಜೊತೆಗೆ ಕರೆದುಕೊಂಡು ಪಕ್ಕದ ಹೊಲದವನ ಮನೆಗೆ ಹೋಗುತ್ತಿದ್ದನಂತೆ. ನೆರೆಯವನು ಪಕ್ಕದಲ್ಲಿ ಕೂತು ತಲೆಯಾಡಿಸಿದರೆ ಯಾರೂ ಇಲ್ಲ ಎನ್ನುವುದಿಲ್ಲ ಎಂಬುದು ಆತನ ಲೆಕ್ಕಾಚಾರ. ಪ್ರತಿ ತರಬೇತಿಯಲ್ಲೂ ಈ ಕುದುರೆಯ ಕಥೆ ಕೇಳಿ ಕೇಳಿ ಕುದುರೆಯ ಮೇಲೆ ನನಗೆ ಅಯ್ಯೋ ಪಾಪ ಅನ್ನಿಸುತ್ತಿತ್ತು.

ಕಥೆ ಹೇಳುತ್ತಿದ್ದವನು ನಮ್ಮ ದೊಡ್ಡ ಸಾಹೇಬ ಡಂಕನ್. ಸ್ಕಾಟ್ಲೆಂಡಿನವನು. ಕೆಟ್ಟವನಲ್ಲ. ಆದರೆ ಹದಿನೆಂಟನೇ ಮಹಡಿಯ ಎಸಿಯಲ್ಲಿ ಕೂತು ನಮಗೆ ಬಿಸಿಲಿನ ಬಗ್ಗೆ ಪಾಠ ಮಾಡುತ್ತಿದ್ದ. ಸಾವು ಎನ್ನುವ ಪದವನ್ನು ಗ್ರಾಹಕರ ಎದುರು ನೇರವಾಗಿ ಹೇಳಬೇಕು, ಸುತ್ತುಬಳಸಬಾರದು ಎಂದು ಅವನ ಆಜ್ಞೆ. ನಮ್ಮವರ ಮನೆಯಲ್ಲಿ ಆ ಪದ ಎತ್ತಿದರೆ ಚಹಾ ಕೂಡ ಸಿಗುವುದಿಲ್ಲ ಎಂದು ನಾನು ಹೇಳಿದೆ. "ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ" ಎನ್ನಬೇಕು, ಅದೂ ಮೆತ್ತಗೆ, ಮರದ ಮೇಜು ಮುಟ್ಟಿಕೊಂಡು. ಡಂಕನ್ ಕೇಳಲಿಲ್ಲ. ಸರಿ ಎಂದು ಅಲ್ ರೀಮ್ ಐಲ್ಯಾಂಡಿನಲ್ಲಿ ಮೈಸೂರಿನ ದಂಪತಿಯ ಮನೆಯಲ್ಲಿ ಅವನು ಹೇಳಿಕೊಟ್ಟ ಹಾಗೆಯೇ ಶುರು ಮಾಡಿದೆ. ಗಂಡ ಲ್ಯಾಪ್‌ಟಾಪಿನಲ್ಲಿ ಎಕ್ಸೆಲ್ ತೆರೆದು, ಜೀವವಿಮೆ ಎಷ್ಟು ನಷ್ಟದ ವ್ಯವಹಾರ ಎಂದು ಎರಡು ಗಂಟೆ ನನಗೇ ಪಾಠ ಮಾಡಿದ. ಅಷ್ಟರಲ್ಲಿ ಆರು ವರ್ಷದ ಮಗಳು ಸೋಫಾದ ಹಿಂದಿನಿಂದ ತಲೆ ಎತ್ತಿ, "ಆಂಟಿ, ಈಸ್ ಅಪ್ಪ ಗೋಯಿಂಗ್ ಟು ಡೈ?" ಎಂದಳು. ಹೆಂಡತಿ ಎದ್ದು ಒಂದು ಪೊಟ್ಟಣ ಕೋಡುಬಳೆ ತಂದು ನನ್ನ ಕೈಗಿಟ್ಟು, "ಹುಷಾರಾಗಿ ಹೋಗ್ಬನ್ನಿ ಮೇಡಂ" ಎಂದು ಬಾಗಿಲು ತೆರೆದು ನಿಂತಳು. ಮೈಸೂರಿನವರು ಹೊರಗೆ ಹಾಕುವುದೂ ಹೀಗೆಯೇ, ಮರ್ಯಾದೆಯಿಂದ. ಕೋಡುಬಳೆ ಚೆನ್ನಾಗಿತ್ತು.

ಡಂಕನ್‌ನ ಪಾಠ ಬಿಟ್ಟು ನಾನು ಆ ಗಡ್ಡದವನ ದಾರಿ ಹಿಡಿದೆ. ಊರಿನವನಿಗೆ ಊರಿನವನ ಮೂಲಕವೇ ಮಾರುವುದು. ಕಾರ್ಕಳದವನಿಗೆ ಕಾರ್ಕಳದವನು, ಬಂಟ್ವಾಳದವನಿಗೆ ಬಂಟ್ವಾಳದವನು. ಪಾಲಿಸಿ ತೆಗೆದುಕೊಂಡವನನ್ನೇ ಮುಂದಿನವನ ಮನೆಗೆ ಕರೆದುಕೊಂಡು ಹೋಗುತ್ತಿದ್ದೆ. ಅವನು ಕೂತು ಎರಡು ತುಳು ಮಾತು, ಊರಿನ ಎರಡು ಸುದ್ದಿ ಹೇಳಿದರೆ ಫಾರ್ಮಿಗೆ ಸಹಿ ಬೀಳುತ್ತಿತ್ತು. ಎರಡೇ ವರ್ಷದಲ್ಲಿ ನನ್ನ ತಂಡ ಎಲ್ಲರಿಗಿಂತ ಮುಂದೆ ಹೋಯಿತು. ಡಂಕನ್ ನನ್ನನ್ನು ಎಲ್ಲರೆದುರು ಎಬ್ಬಿಸಿ ಚಪ್ಪಾಳೆ ತಟ್ಟಿಸಿದ. ನಾನೂ ನಾಚಿಕೆಯಿಲ್ಲದೆ ಹಿಗ್ಗಿದೆ.

ಅದರಲ್ಲಿ ಎಷ್ಟು ದೊಡ್ಡ ತಪ್ಪಿತ್ತು ಎನ್ನುವುದು ನನಗೆ ಹೊಳೆಯಲೇ ಇಲ್ಲ. ನಮ್ಮ ಫಾರ್ಮಿನಲ್ಲಿ ಆರೋಗ್ಯದ ಪ್ರಶ್ನೆಗಳು ಒಂದು ಪುಟ ತುಂಬ ಇರುತ್ತಿದ್ದವು. ಸಕ್ಕರೆ ಕಾಯಿಲೆ ಉಂಟೇ, ರಕ್ತದೊತ್ತಡ ಉಂಟೇ, ಮೂರ್ಛೆ ಉಂಟೇ, ಮನೆಯಲ್ಲಿ ಯಾರಿಗಾದರೂ ಬುದ್ಧಿ ಕೆಟ್ಟದ್ದುಂಟೇ. ಅಮೆರಿಕದ ರೈತ ನೆರೆಯವನ ಎದುರು ಇವಕ್ಕೆ ಏನು ಉತ್ತರ ಕೊಟ್ಟನೋ ನನಗೆ ಗೊತ್ತಿಲ್ಲ. ನಮ್ಮ ಕರಾವಳಿಯವರು ಊರಿನವನ ಎದುರು ಒಂದು ಕೆಮ್ಮನ್ನೂ ಒಪ್ಪಿಕೊಳ್ಳುವುದಿಲ್ಲ. ಇವತ್ತು ಅಬುಧಾಬಿಯಲ್ಲಿ ಹೇಳಿದ್ದು ನಾಳೆ ಊರಿನಲ್ಲಿ ಮದುವೆಯ ಮಾತುಕತೆ ನಡೆಯುವ ಚಾವಡಿಗೆ ಮುಟ್ಟುತ್ತದೆ. ತಂಗಿಗೆ ಬಂದ ಸಂಬಂಧ ತಪ್ಪುತ್ತದೆ, ಮಗಳಿಗೆ ಹುಡುಗ ಸಿಗುವುದಿಲ್ಲ. ಹಾಗಾಗಿ ಎಲ್ಲ ಪ್ರಶ್ನೆಗೂ ಇಲ್ಲ, ಇಲ್ಲ, ಇಲ್ಲ. ನಾನು ಬರೆದ ಫಾರ್ಮುಗಳನ್ನು ನೋಡಿದರೆ ಉಡುಪಿ ಮಂಗಳೂರು ಕಡೆಯವರಿಗೆ ಹುಟ್ಟಿದಾಗಿನಿಂದ ನೆಗಡಿಯೇ ಆಗಿಲ್ಲ ಎನ್ನಬೇಕು.

ಸದಾಶಿವನ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಅಲ್ಲಿ ಇಲ್ಲಿ ತಿರುಗಿದ್ದು ಅದನ್ನು ಹೇಳಲು ಮನಸ್ಸು ಬಾರದೆ.

ಸದಾಶಿವ ಕಾರ್ಕಳದ ಕಡೆಯವನು. ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಹೋಟೆಲೊಂದರಲ್ಲಿ ಅಡುಗೆ ಸಾಮಾನಿನ ಸ್ಟೋರ್ ನೋಡಿಕೊಳ್ಳುತ್ತಿದ್ದ. ಹೋಟೆಲಿನ ಹಿಂದಿನ ಬೀದಿಯಲ್ಲೇ ಏಳನೇ ಮಹಡಿಯಲ್ಲಿ ಮನೆ. ಮನೆ ಎಂದರೆ ಒಂದು ಫ್ಲ್ಯಾಟಿನ ಒಂದು ಕೋಣೆ, ಉಳಿದ ಕೋಣೆಗಳಲ್ಲಿ ಬೇರೆಯವರು. ಹೆಂಡತಿ ಹರಿಣಾಕ್ಷಿ, ಶಾಲೆಗೆ ಹೋಗುವ ಒಬ್ಬಳು ಮಗಳು. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವನು ಅದೇ ಫ್ಲ್ಯಾಟಿನ ಪಕ್ಕದ ಕೋಣೆಯ ಭುಜಂಗ. ಊರಿನಲ್ಲೂ ಇವರಿಬ್ಬರ ಮನೆಗೆ ಒಂದೇ ಬೇಲಿ. ಭುಜಂಗ ಒಳ್ಳೆಯವನೇ. ಆದರೆ ಅವನ ಕಿವಿಗೆ ಬಿದ್ದದ್ದು ಸಂಜೆಯೊಳಗೆ ಶಾರ್ಜಾ ಮುಟ್ಟುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

ಅದು ತ್ರೈಮಾಸಿಕದ ಕೊನೆಯ ವಾರ. ಗುರುವಾರದೊಳಗೆ ಇನ್ನೂ ನಾಲ್ಕು ಫಾರ್ಮ್ ಬೇಕೆಂದು ಡಂಕನ್ ಬೆಳಗ್ಗೆ ಒಂದು, ಮಧ್ಯಾಹ್ನ ಒಂದು ಫೋನ್ ಮಾಡುತ್ತಿದ್ದ. ನಾನು ಮಂಚದ ತುದಿಯಲ್ಲಿ ಕೂತು ಪ್ರಶ್ನೆ ಓದಿದೆ. ಹನ್ನೊಂದನೆಯದು ಮೂರ್ಛೆ ರೋಗದ್ದು. ಫಿಟ್ಸ್ ಏನಾದರೂ ಉಂಟಾ ಎಂದು ಕೇಳಿದೆ.

ಸದಾಶಿವ ಬಾಯಿ ತೆರೆಯುವ ಮೊದಲೇ ಭುಜಂಗ ನಕ್ಕುಬಿಟ್ಟ. "ಇವನಿಗೆಂತ ಫಿಟ್ಸ್ ಬಾಯಮ್ಮ! ಕಂಬಳದ ಕೋಣದ ಹಾಗೆ ಉಂಟು ಜನ. ಇಲ್ಲ ಅಂತ ಬರೀರಿ."

ಸದಾಶಿವ ಹೆಂಡತಿಯ ಕಡೆ ನೋಡಿದ. ಹರಿಣಾಕ್ಷಿ ಚಹಾದ ಲೋಟ ತೆಗೆಯುವ ನೆಪದಲ್ಲಿ ಎದ್ದು ಹೋದಳು. "ಇಲ್ಲ" ಎಂದ ಅವನು. ನಾನು ಇಲ್ಲ ಎಂದು ಬರೆದೆ.

ಸಹಿ ಹಾಕಿಸಿಕೊಂಡು ಹೊರಟಾಗ ಕೆಳಗಿನವರೆಗೆ ಬಿಡುತ್ತೇನೆಂದು ಅವನೊಬ್ಬನೇ ನನ್ನ ಜೊತೆ ಲಿಫ್ಟಿಗೆ ಬಂದ. ಬಾಗಿಲು ಮುಚ್ಚಿದ ಕೂಡಲೇ, "ಬಾಯಮ್ಮ, ಒಂದು ಮಾತು" ಎಂದ. "ನಂಗೆ ಫಿಟ್ಸ್ ಬರ್ತಿತ್ತು. ಇಲ್ಲಿಗೆ ಬಂದ ಮೇಲೆ ಶುರುವಾದದ್ದು. ಊರಿಗೆ ಹೋದಾಗ ಡಾಕ್ಟ್ರನ್ನು ಕಂಡು ಮಾತ್ರೆ ತಗೊಳ್ತಾ ಇದ್ದೇನೆ. ಈಗ ಆರು ವರ್ಷ ಆಯ್ತು, ಒಂದು ಸಲ ಸಹ ಬರ್ಲಿಲ್ಲ. ಭುಜಂಗನ ಎದ್ರು ಹೇಗೆ ಹೇಳುದು? ಹೋಟ್ಲಿನವ್ರಿಗೆ ಗೊತ್ತಾದ್ರೆ ಕೆಲ್ಸ ಖಲಾಸ್. ಮಗಳು ಬೇರೆ ಇದ್ದಾಳೆ. ಈಗ ಅದನ್ನು ಬರೀಬೇಕಾ?"

ಬರೆಯಬೇಕಿತ್ತು. ಬರೆದಿದ್ದರೆ ಫಾರ್ಮು ಹಿಂದಕ್ಕೆ ಬರುತ್ತಿತ್ತು, ಡಾಕ್ಟರರ ಪತ್ರ ಕೇಳುತ್ತಿದ್ದರು, ಆ ಗುರುವಾರ ನನ್ನ ಲೆಕ್ಕದಲ್ಲಿ ಒಂದು ಕಡಿಮೆಯಾಗುತ್ತಿತ್ತು. ಇಷ್ಟೂ ನನ್ನ ತಲೆಯಲ್ಲಿ ಓಡಿದ್ದು ಏಳನೇ ಮಹಡಿಯಿಂದ ಮೂರನೇ ಮಹಡಿಗೆ ಇಳಿಯುವಷ್ಟರಲ್ಲಿ.

"ಆರು ವರ್ಷದಿಂದ ಇಲ್ಲ ಅಲ್ವಾ? ಮತ್ತೆಂತ, ಬಿಡಿ" ಎಂದೆ.

ಅವನ ಮುಖ ಅರಳಿತು. ನನಗಾಗಿ ಟ್ಯಾಕ್ಸಿ ನಿಲ್ಲಿಸಿ, ಬಾಗಿಲು ತೆರೆದು, ಹೋಗುವಾಗ ಕೈಮುಗಿದ. ಆ ಕೈಮುಗಿದದ್ದನ್ನು ನೆನೆದರೆ ನನಗೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅದರ ಮರುವರ್ಷ ಕಂಪನಿಯಲ್ಲಿ ಕಾಗದದ ಫಾರ್ಮು ಹೋಗಿ ಕೈಯಲ್ಲಿ ಹಿಡಿಯುವ ಟ್ಯಾಬ್ ಬಂತು. ಅದರ ಸುಖ ಏನು ಹೇಳಲಿ! ಸಹಿಯನ್ನು ಬೆರಳಿನಲ್ಲಿ ಗೀಚಬೇಕು. ಹೋಟೆಲಿನ ಬಾಣಸಿಗರ ಬೆರಳಿಗೆ ಎಣ್ಣೆ, ಗ್ಯಾರೇಜಿನವರ ಬೆರಳಿಗೆ ಗ್ರೀಸು, ಟ್ಯಾಬ್ ಯಾರ ಬೆರಳನ್ನೂ ಗುರುತಿಸುವುದಿಲ್ಲ. ಆರೋಗ್ಯದ ಪ್ರಶ್ನೆಗಳ ಎದುರು ಇಲ್ಲ ಎನ್ನುವ ಗುರುತು ಮೊದಲೇ ಬಿದ್ದಿರುತ್ತಿತ್ತು. ಉಂಟು ಎನ್ನುವವರು ಮಾತ್ರ ಅದನ್ನು ಒತ್ತಿ ಬದಲಾಯಿಸಬೇಕು. ಇದು ಸರಿಯಲ್ಲ ಎಂದು ನಾನು ಸಭೆಯಲ್ಲಿ ಎದ್ದು ಜಗಳ ಮಾಡಿದೆ. ಇದರಿಂದ ಒಂದು ಫಾರ್ಮಿಗೆ ಹತ್ತು ನಿಮಿಷ ಉಳಿಯುತ್ತದೆ ಲಿಲ್ಲಿ ಎಂದ ಡಂಕನ್. ಎದ್ದವಳು ಕೂತೆ. ನಾನು ಲಿಫ್ಟಿನಲ್ಲಿ ಉಳಿಸಿದ್ದೂ ಅಂಥ ಹತ್ತು ನಿಮಿಷವೇ, ಯಾವ ಮುಖ ಹೊತ್ತು ಮಾತಾಡಲಿ?

ಪಾಲಿಸಿಗೆ ಎರಡು ವರ್ಷ ತುಂಬುವ ಮೊದಲೇ ಸದಾಶಿವ ಹೋಟೆಲಿನ ಸ್ಟೋರಿನಲ್ಲಿ ಬಿದ್ದ. ತಲೆ ಕಬ್ಬಿಣದ ಕಪಾಟಿಗೆ ಬಡಿಯಿತು. ಆಸ್ಪತ್ರೆಗೆ ಸೇರಿಸಿ ಎರಡನೇ ದಿನ ತೀರಿಕೊಂಡ. ಆಸ್ಪತ್ರೆಯಲ್ಲಿ ಹರಿಣಾಕ್ಷಿ ಡಾಕ್ಟರರಿಗೆ ಇದ್ದದ್ದು ಇದ್ದ ಹಾಗೆ ಹೇಳಿದ್ದಳು, ಗಂಡ ಬದುಕಲಿ ಎಂದು. ಅವರು ಅದನ್ನು ಬರೆದುಕೊಂಡಿದ್ದರು. ಪಾಲಿಸಿ ತೆಗೆದುಕೊಂಡು ಸ್ವಲ್ಪ ದಿನದಲ್ಲೇ ಯಾರಾದರೂ ತೀರಿಕೊಂಡರೆ ನಮ್ಮ ಕ್ಲೇಮ್ ವಿಭಾಗ ಆಸ್ಪತ್ರೆಯ ಕಾಗದ ಪೂರ್ತಿ ತರಿಸುತ್ತದೆ. ಹಳೆಯ ಮೂರ್ಛೆ ರೋಗ, ಎಂಟು ವರ್ಷದಿಂದ ಮಾತ್ರೆ ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಫಾರ್ಮಿನಲ್ಲಿ ಹನ್ನೊಂದನೆಯ ಪ್ರಶ್ನೆಗೆ ನನ್ನ ಕೈಬರಹದ ಇಲ್ಲ. ರೋಗ ಮುಚ್ಚಿಟ್ಟಿದ್ದಾರೆ, ಹಣ ಕೊಡಲಾಗದು ಎಂದು ಪತ್ರ ಸಿದ್ಧವಾಯಿತು. ಕೊನೆಯದಾಗಿ ಒಂದು ಸಲ ಹೆಂಡತಿಯ ಹೇಳಿಕೆ ಕೇಳಬೇಕೆಂದು ಅವಳನ್ನು ದುಬೈಯ ಕಚೇರಿಗೆ ಕರೆದರು. ಅವಳ ಮಾತನ್ನು ಇಂಗ್ಲಿಷಿನಲ್ಲಿ ಹೇಳಲು ನನ್ನನ್ನೂ ಕರೆದರು.

ಹರಿಣಾಕ್ಷಿ ಇದ್ದದ್ದು ಗಂಡನ ವೀಸಾದಲ್ಲಿ. ಅದು ರದ್ದಾಗಲು ಕೆಲವೇ ವಾರ ಉಳಿದಿತ್ತು. ಊರಿಗೆ ಹೋದರೆ ಅವಳಿಗೂ ಮಗಳಿಗೂ ಈ ಪಾಲಿಸಿ ಬಿಟ್ಟರೆ ಬೇರೆ ಆಧಾರವಿರಲಿಲ್ಲ. ಅವಳನ್ನು ಕಾರಿನಲ್ಲಿ ಕರೆತಂದವನು ಭುಜಂಗ. ಪಾಪ, ರಜೆ ಹಾಕಿ ಬಂದಿದ್ದ. ಬಂದವನು ಕೋಣೆಯೊಳಗೇ ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂತ.

ಕ್ಲೇಮ್ ವಿಭಾಗದ ಅಧಿಕಾರಿ ಲೆಬನಾನಿನ ಹೆಂಗಸು. ಆಸ್ಪತ್ರೆಯ ಕಾಗದದಲ್ಲಿ ಹೀಗಿದೆ, ನಿಮ್ಮ ಗಂಡನಿಗೆ ಮೂರ್ಛೆ ರೋಗ ಇತ್ತೇ ಎಂದು ಕೇಳಿದಳು. ನಾನು ಕನ್ನಡದಲ್ಲಿ ಕೇಳಿದೆ.

"ಇಲ್ಲ" ಎಂದಳು ಹರಿಣಾಕ್ಷಿ.

"ಇಲ್ವೇ ಇಲ್ಲ ಬಾಯಮ್ಮ, ಇವ್ರಿಗೆ ಹೇಳಿ ಸ್ವಲ್ಪ!" ಭುಜಂಗ ಮೇಜು ಕುಟ್ಟಿದ. "ಆಸ್ಪತ್ರೆಯವ್ರು ಬೇರೆ ಯಾರದ್ದೋ ಕಾಗ್ದ ಸೇರಿಸಿದ್ದಾರೆ."

ಅಧಿಕಾರಿ ಆ ಕಾಗದ ತೋರಿಸಿದಳು. ಹರಿಣಾಕ್ಷಿ ನೋಡಲೇ ಇಲ್ಲ. ಮತ್ತೆ ಇಲ್ಲ ಎಂದಳು. ಅವಳು ಇಲ್ಲ ಎಂದಷ್ಟೂ ಅವಳ ಕೇಸು ಮುಳುಗುತ್ತಿತ್ತು. ಅವಳಿಗೆ ಉಳಿದಿದ್ದ ದಾರಿ ಒಂದೇ. ರೋಗ ಇತ್ತು, ಅದನ್ನು ಗಂಡ ಕಂಪನಿಯವರಿಗೆ ಹೇಳಿದ್ದ ಎನ್ನಬೇಕು. ಕಂಪನಿಯವರು ಎಂದರೆ ನಾನು. ಅದನ್ನು ಅವಳು ಹೇಳದಿದ್ದರೆ ನಾನೂ ಹೇಳಬೇಕಾಗಿರಲಿಲ್ಲ. ಸುಳ್ಳು ಯಾಕೆ, ಒಂದು ಕ್ಷಣ ನನಗೆ ಹಾಯೆನಿಸಿತು.

ಆಮೇಲೆ ಅವಳು ಭುಜಂಗನ ಕಡೆ ಕಣ್ಣು ಹಾಯಿಸಿದ್ದು ಕಂಡಿತು. ಅಯ್ಯೋ ದೇವರೇ, ಇಷ್ಟಾದ ಮೇಲೂ ನಾನು ಅದೇ ಪ್ರಶ್ನೆಯನ್ನು ಅದೇ ಮನುಷ್ಯನ ಎದುರು ಕೇಳುತ್ತಿದ್ದೇನಲ್ಲ! ನನ್ನ ದಡ್ಡತನಕ್ಕೆ ನನಗೇ ಸಿಟ್ಟು ಬಂತು.

"ಭುಜಂಗಣ್ಣ, ಕಾರು ಎಲ್ಲಿ ನಿಲ್ಸಿದ್ದೀರಿ? ಪಾರ್ಕಿಂಗ್ ಟೈಮ್ ಮುಗೀತಾ ನೋಡಿ, ಇಲ್ಲಿ ಸೀದಾ ಫೈನ್ ಬೀಳ್ತದೆ" ಎಂದೆ.

ದುಬೈಯಲ್ಲಿ ಫೈನ್ ಎಂದರೆ ಸ್ವರ್ಗದಿಂದಲೂ ಜನ ಎದ್ದು ಓಡುತ್ತಾರೆ. ಭುಜಂಗ ಬೀಗದ ಕೈ ಹಿಡಿದು ಓಡಿದ.

ಬಾಗಿಲು ಮುಚ್ಚಿತು. "ಹರಿಣಾಕ್ಷಿ, ಈಗ ಹೇಳಿ" ಎಂದೆ.

ಅವಳು ಮೊದಲ ಸಲ ನನ್ನ ಮುಖ ನೋಡಿದಳು. "ಏನು ಹೇಳುದು ಬಾಯಮ್ಮ? ಅವ್ರು ಲಿಫ್ಟಿನಲ್ಲಿ ನಿಮ್ಗೆ ಹೇಳಿದ್ದಾರಲ್ಲ. ಮೇಲೆ ಬಂದು ನನ್ನ ಹತ್ರ ಹೇಳಿದ್ರು, ಬಾಯಮ್ಮನಿಗೆ ಹೇಳಿದ್ದೇನೆ, ಮನಸ್ಸು ಹಗುರ ಆಯ್ತು ಅಂತ. ಹೇಳಿದ್ದು ಹೌದಾ ಅಲ್ವಾ? ನೀವೇ ಹೇಳಿ."

ಏನಂದರು ಎಂದು ಅಧಿಕಾರಿ ನನ್ನನ್ನು ಕೇಳಿದಳು.

ಆ ಕೋಣೆಯಲ್ಲಿ ಎರಡೂ ಭಾಷೆ ಬರುತ್ತಿದ್ದದ್ದು ನನಗೊಬ್ಬಳಿಗೆ. ನಾನು ಏನು ಹೇಳಿದರೂ ನಡೆಯುತ್ತಿತ್ತು. ನಿವೃತ್ತಿಗೆ ಹನ್ನೊಂದು ತಿಂಗಳಿತ್ತು. ಆಕೆ ಗಂಡನನ್ನು ನೆನೆದು ಅಳುತ್ತಿದ್ದಾಳೆ, ಒಂದು ನಿಮಿಷ ಕೊಡಿ ಎಂದೆ. ಹರಿಣಾಕ್ಷಿಯ ಕಣ್ಣಿನಲ್ಲಿ ಒಂದು ಹನಿ ನೀರಿರಲಿಲ್ಲ. ಗ್ಲಾಸಿನ ನೀರು ಪೂರ್ತಿ ಕುಡಿದೆ. ಅವಳು ಕಾಯುತ್ತಿದ್ದಳು. ನಾನು ಇಂಗ್ಲಿಷಿನಲ್ಲಿ ಏನು ಹೇಳಿದೆನೆಂದು ಅವಳಿಗೆ ತಿಳಿಯಲಿಲ್ಲ, ಆದರೂ ನನ್ನ ಬಾಯನ್ನೇ ನೋಡುತ್ತಿದ್ದಳು.

ಕೊನೆಗೆ ಅವಳು ಹೇಳಿದ್ದನ್ನು ಒಂದು ಮಾತೂ ಬಿಡದೆ ಅನುವಾದಿಸಿದೆ. ಅವಳು ಹೇಳುವುದು ನಿಜ ಎಂದೂ ಸೇರಿಸಿದೆ. ಅಧಿಕಾರಿ ಪೆನ್ನು ಕೆಳಗಿಟ್ಟು, ಇದನ್ನು ಬರೆದು ಕೊಡುತ್ತೀಯಾ ಎಂದಳು. ಕೊಟ್ಟೆ.

ಡಂಕನ್ ನನ್ನನ್ನು ಕರೆದು, ಯಾರೂ ಕೇಳದಿದ್ದಾಗ ಯಾಕೆ ಹೇಳಿದೆ ಲಿಲ್ಲಿ ಎಂದು ನಿಜವಾಗಿಯೂ ಬೇಸರದಿಂದ ಕೇಳಿದ. ಕೇಳಿದರಲ್ಲ ಎಂದೆ. ಏಜೆಂಟಿಗೆ ಹೇಳಿದರೆ ಕಂಪನಿಗೆ ಹೇಳಿದ ಹಾಗೆಯೇ ಎಂದು ಕಂಪನಿಯ ವಕೀಲರು ಒಪ್ಪಲು ನಾಲ್ಕು ತಿಂಗಳು ತೆಗೆದುಕೊಂಡರು. ನನ್ನನ್ನು ಮನೆಗೆ ಕಳಿಸಲು ಅವರಿಗೆ ನಾಲ್ಕೇ ದಿನ ಸಾಕಾಯಿತು. ರಾಜೀನಾಮೆ ಕೊಟ್ಟರೆ ನಿವೃತ್ತಿ ಎಂದು ಬರೆಯುತ್ತೇವೆ ಎಂದರು. ಕೇಕ್ ಕತ್ತರಿಸಿದರು, ಅದರ ಮೇಲೂ ನಿವೃತ್ತಿಯ ಶುಭಾಶಯ ಎಂದೇ ಇತ್ತು. ಹೊರಟ ಮೇಲೆ ನನ್ನ ತಂಡದ ಒಬ್ಬನಾದರೂ ಫೋನ್ ಮಾಡುತ್ತಾನೆ ಎಂದುಕೊಂಡೆ. ಮಾಡಲಿಲ್ಲ. ಲಾಭವಿಲ್ಲದ ಕಡೆ ಫೋನ್ ಮಾಡಬಾರದೆಂದು ಇಷ್ಟು ವರ್ಷ ಅವರಿಗೆ ಕಲಿಸಿದ ನನ್ನ ಮೇಲೆಯೇ ಸಿಟ್ಟು ಮಾಡಿಕೊಂಡೆ.

ಹೊಸದಾಗಿ ಸೇರುವವರಿಗೆ ನಾನು ಹೇಳುವುದು ಇಷ್ಟೇ. ಪ್ರಶ್ನೆ ಓದುವ ಮೊದಲು ಕೋಣೆಯಲ್ಲಿ ಯಾರು ಯಾರು ಇದ್ದಾರೆ ಎಂದು ನೋಡಿ. ಪರಿಚಯ ಮಾಡಿಸಿದವನಿಗೆ ಥ್ಯಾಂಕ್ಸ್ ಹೇಳಿ ಹೊರಗೆ ಕಳಿಸಿ. ಅವನು ಮುನಿಸಿಕೊಂಡರೆ ಮುನಿಸಿಕೊಳ್ಳಲಿ. ಆಮೇಲೆ ಕೇಳಿ, ಕೇಳಿದ್ದನ್ನು ಬರೆಯಿರಿ. ನಿಮ್ಮ ಸಾಹೇಬ ಫೋನ್ ಮಾಡಿದರೆ ಎತ್ತಬೇಡಿ.

ಹಣ ಕೈಸೇರಿದ ಮೇಲೆ ಹರಿಣಾಕ್ಷಿ ಊರಿನಿಂದ ಒಮ್ಮೆ ಫೋನ್ ಮಾಡಿದಳು. ನನ್ನ ಕೆಲಸ ಹೋದದ್ದು ಅವಳಿಗೆ ಗೊತ್ತಿತ್ತು. ಉಪಕಾರ ಆಯಿತು ಎನ್ನುತ್ತಾಳೆ ಎಂದು ನಾನು ಒಳಗೊಳಗೇ ಕಾದಿದ್ದೆ. ಮನುಷ್ಯರ ಆಸೆ ನೋಡಿ.

"ಬಾಯಮ್ಮ, ಒಂದು ಕೇಳ್ಬೇಕಿತ್ತು" ಎಂದಳು. "ಅವತ್ತು ಲಿಫ್ಟಿನಲ್ಲಿ ಅವ್ರು ಹೇಳಿದ್ದನ್ನು ನೀವು ಬರ್ದಿದ್ರೆ, ಕಂಪನಿಯವ್ರು ಪಾಲಿಸಿ ಕೊಡ್ತಿರ್ಲಿಲ್ವಾ?"

"ಕೊಡ್ತಿದ್ರು. ಕಂತು ಸ್ವಲ್ಪ ಜಾಸ್ತಿ ಆಗ್ತಿತ್ತು, ಅಷ್ಟೆ. ಡಾಕ್ಟ್ರ ಒಂದು ಪತ್ರ ಬೇಕಿತ್ತು."

"ಅದಕ್ಕೆ ಎಷ್ಟು ದಿನ ಬೇಕಿತ್ತು?"

"ಒಂದು ಮೂರು ವಾರ."

ಮೂರು ವಾರ ಎಂದು ಅವಳೂ ಒಮ್ಮೆ ಹೇಳಿಕೊಂಡಳು.

"ಬರೆಯುದು ಬೇಡ ಅಂತ ನೀವು ಹೇಳಿದ್ದು, ಡಾಕ್ಟ್ರೇ ಹೇಳಿದ ಹಾಗೆ ಆಯ್ತು ಅವ್ರಿಗೆ" ಎಂದಳು. "ಗುಣ ಆಗಿದೆ, ಬಾಯಮ್ಮನೇ ಹೇಳಿದ್ರು ಅಂತ ಮಾರನೇ ತಿಂಗಳಿಂದ ಮಾತ್ರೆ ಒಂದು ದಿನ ಬಿಟ್ಟು ಒಂದು ದಿನ ತಗೊಳ್ತಿದ್ರು."